ಬೆಳಕಿನ ನಡೆ

ತಿಳಿನೀರು ತುಂಬಿದ ಪಾತ್ರೆಯಲ್ಲಿ ಕೋಲೊಂದನ್ನು ಓರೆಯಾಗಿ ಇಳಿಬಿಟ್ಟರೆ ಅದು ನೀರಿನ ಮೇಲ್ಮೈಯಲ್ಲಿ ಮುರಿದಂತೆ ಕಾಣುತ್ತದೆ. ಹೊರತೆಗೆದು ನೋಡಿದರೆ ಕೋಲು ನೆಟ್ಟಗೆಯೇ ಇರುತ್ತದೆ. ಬಾಗಿದ್ದು ಕೋಲಲ್ಲ, ಬೆಳಕು. ಈಟಿಯಿಂದ ಮೀನು ಹಿಡಿಯುವವನು ಯಾವ ಗ್ರಂಥವನ್ನೂ ಓದದೆಯೇ ಇದನ್ನು ಬಲ್ಲನು. ಮೀನು ಕಂಡ ಸ್ಥಳಕ್ಕಿಂತ ತುಸು ಕೆಳಗೆ ಅವನು ಗುರಿಯಿಡುತ್ತಾನೆ. ಆದರೆ ಬೆಳಕು ಬಾಗುವುದೇಕೆ? ಈ ಪ್ರಶ್ನೆ ಯುರೋಪಿನ ವಿದ್ವಾಂಸರನ್ನು ಸುಮಾರು ಒಂದೂವರೆ ಶತಮಾನದ ಕಾಲ ಕಾಡಿತು.

ಬೆಳಕು ಅತಿಸೂಕ್ಷ್ಮ ಕಣಗಳ ಪ್ರವಾಹವೆಂಬುದು ನ್ಯೂಟನ್ನನ ಮತ. ನೀರು ಆ ಕಣಗಳನ್ನು ತನ್ನತ್ತ ಸೆಳೆಯುವುದರಿಂದ ಅವು ಬಾಗುತ್ತವೆ. ಹಾಗಿದ್ದರೆ ಬೆಳಕಿನ ವೇಗ ಗಾಳಿಯಲ್ಲಿರುವುದಕ್ಕಿಂತ ನೀರಿನಲ್ಲಿ ಹೆಚ್ಚಾಗಿರಬೇಕು. ಹಾಲೆಂಡಿನ ಹೈಗೆನ್ಸನು 1690ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೆಳಕನ್ನು ಅಲೆಯೆಂದು ವಿವರಿಸಿದನು. ಸಾಲಾಗಿ ನಡೆಯುವ ಮಕ್ಕಳು ಗಟ್ಟಿನೆಲದಿಂದ ಕೆಸರುಗದ್ದೆಯನ್ನು ಓರೆಯಾಗಿ ಪ್ರವೇಶಿಸಿದರೆ, ಮೊದಲು ಕಾಲಿಟ್ಟವರ ನಡೆ ನಿಧಾನವಾಗಿ ಸಾಲಿನ ದಿಕ್ಕೇ ತಿರುಗುತ್ತದೆ. ಅಲೆಯೂ ಹಾಗೆಯೇ. ಈ ಮತದಂತೆ ನೀರಿನಲ್ಲಿ ಬೆಳಕಿನ ವೇಗ ಕಡಿಮೆ. ಆದರೂ ನ್ಯೂಟನ್ನನ ಹೆಸರಿನ ತೂಕದಿಂದ ಹದಿನೆಂಟನೆಯ ಶತಮಾನದುದ್ದಕ್ಕೂ ಕಣವಾದವೇ ಬಹುಮಂದಿಗೆ ಒಪ್ಪಿತವಾಗಿತ್ತು.

ಈ ವಿವಾದವನ್ನು ಪ್ರಯೋಗದಿಂದಲೇ ತೀರ್ಮಾನಿಸಬೇಕೆಂದು ಫ್ರಾನ್ಸಿನ ವಿಜ್ಞಾನಿ ಅರಾಗೋ ಬಯಸಿದನು. ಅತಿವೇಗವಾಗಿ ತಿರುಗುವ ಕನ್ನಡಿಯ ನೆರವಿನಿಂದ ನೀರು ಮತ್ತು ಗಾಳಿಗಳಲ್ಲಿ ಬೆಳಕಿನ ವೇಗವನ್ನು ಹೋಲಿಸಬಹುದೆಂದು 1838ರಲ್ಲಿ ಸೂಚಿಸಿದನು. ಆದರೆ ಕಾರ್ಯ ಕೈಗೂಡಲಿಲ್ಲ. 1848ರ ಕ್ರಾಂತಿ ಅವನನ್ನು ಮಂತ್ರಿಪದವಿಗೆ ಎಳೆದೊಯ್ಯಿತು. ಅಷ್ಟರಲ್ಲಿ ಕಣ್ಣುಗಳೂ ಮಂಜಾದವು. ಜೀವಮಾನವೆಲ್ಲ ಬೆಳಕನ್ನು ಕುರಿತು ಚಿಂತಿಸಿದವನಿಗೆ ಬೆಳಕೇ ದೂರವಾಗತೊಡಗಿತು. 1850ರಲ್ಲಿ ಅವನು ತನ್ನ ದೃಷ್ಟಿ ಈ ಕಾರ್ಯಕ್ಕೆ ಸಾಲದೆಂದು ವಿಜ್ಞಾನ ಅಕಾಡೆಮಿಗೆ ತಿಳಿಸಿ, ಕಿರಿಯರಿಗೆ ಶುಭ ಹಾರೈಸಿ, ಅದನ್ನು ಅವರಿಗೆ ಬಿಟ್ಟುಕೊಟ್ಟನು.

ಆ ದಿನಗಳಲ್ಲಿಯೇ ಫೂಕೋ ಎಂಬ ತರುಣನು ಅದನ್ನು ಸಾಧಿಸಿದನು. ರಕ್ತವನ್ನು ಕಂಡರೆ ಅಂಜಿ ವೈದ್ಯ ವಿದ್ಯಾಭ್ಯಾಸವನ್ನು ತೊರೆದಿದ್ದ ಅವನಿಗೆ ಯಂತ್ರರಚನೆಯಲ್ಲಿ ಅಪಾರ ಕೌಶಲವಿತ್ತು. ಸೆಕೆಂಡಿಗೆ ನೂರಾರು ಬಾರಿ ತಿರುಗುವ ಪುಟ್ಟ ಕನ್ನಡಿಯಿಂದ ಹೊರಟ ಬೆಳಕು ಎರಡು ದಾರಿಗಳಲ್ಲಿ ಸಾಗಿ, ಸ್ಥಿರವಾದ ಕನ್ನಡಿಗಳಿಗೆ ತಾಗಿ ಹಿಂದಿರುಗುತ್ತಿತ್ತು. ಒಂದು ದಾರಿಯಲ್ಲಿ ಗಾಳಿ ಮಾತ್ರ. ಇನ್ನೊಂದರಲ್ಲಿ ಸುಮಾರು 3 ಮೀಟರ್ ಉದ್ದದ ನೀರಿನ ಕೊಳವೆ. ಬೆಳಕು ಮರಳುವಷ್ಟರಲ್ಲಿ ಕನ್ನಡಿ ತುಸು ತಿರುಗಿರುವುದರಿಂದ ಬಿಂಬವು ಪಕ್ಕಕ್ಕೆ ಸರಿಯುತ್ತದೆ. ತಡವಾದಷ್ಟೂ ಸರಿಯುವುದು ಹೆಚ್ಚು. ನೀರನ್ನು ಹಾಯ್ದು ಬಂದ ಹಸಿರು ಛಾಯೆಯ ಬಿಂಬವೇ ಹೆಚ್ಚು ಸರಿದಿತ್ತು! ನೀರಿನಲ್ಲಿ ಬೆಳಕು ನಿಧಾನವೆಂಬುದು ಸಿದ್ಧವಾಯಿತು. ಕೆಲವು ವಾರಗಳಲ್ಲಿ ಫಿಜೋ ಎಂಬ ವಿಜ್ಞಾನಿಯೂ ಇದೇ ಫಲಿತಾಂಶವನ್ನು ಪಡೆದನು.

ಬೆಳಕು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ನೀರಿನಲ್ಲಿ ಸುಮಾರು 2.25 ಲಕ್ಷ, ಸಾಮಾನ್ಯ ಗಾಜಿನಲ್ಲಿ ಸುಮಾರು 2 ಲಕ್ಷ, ವಜ್ರದಲ್ಲಿ ಸುಮಾರು 1.24 ಲಕ್ಷ. ಇಂದು ಕಡಲತಳದ ಗಾಜಿನೆಳೆಗಳಲ್ಲಿ ಖಂಡದಿಂದ ಖಂಡಕ್ಕೆ ಸಂದೇಶವನ್ನು ಹೊರುವ ಬೆಳಕೂ ಗಾಜಿನ ಈ ನಿಯಮಕ್ಕೆ ಅಧೀನವೇ. ಬೆಳಕಿಗೆ ಕಣದ ಗುಣವೂ ಉಂಟೆಂದು 1905ರಲ್ಲಿ ಐನ್‌ಸ್ಟೈನನು ಹೊಸ ರೀತಿಯಲ್ಲಿ ತೋರಿಸಿದನು. ಆದರೆ ನೀರಿನಲ್ಲಿ ಬೆಳಕು ನಿಧಾನವೆಂಬ ತೀರ್ಪು ಬದಲಾಗಲಿಲ್ಲ.

ನ್ಯೂಟನ್ನನಂಥ ಮಹಾಮತಿಯ ಮಾತನ್ನೂ ಒಂದು ಕೊಳವೆ ನೀರಿನಿಂದ ಪರೀಕ್ಷಿಸಬಹುದೆಂಬುದೇ ವಿಜ್ಞಾನದ ಹಿರಿಮೆ. ಅರಾಗೋ 1853ರಲ್ಲಿ ತೀರಿಕೊಂಡನು. ತಾನು ಕೇಳಿದ ಪ್ರಶ್ನೆಗೆ ಉತ್ತರವನ್ನು ಅವನು ಇತರರ ಕಣ್ಣುಗಳಿಂದ ಪಡೆದನು. ಉತ್ತರ ಯಾರ ಕೈಯಿಂದ ಬಂದರೂ ಅದು ಬರಲೆಂದು ದಾರಿ ಬಿಟ್ಟುಕೊಟ್ಟ ಅವನ ಹೃದಯವೈಶಾಲ್ಯವೂ ಆ ಪ್ರಯೋಗದಷ್ಟೇ ಸ್ಮರಣೀಯವಾದುದು.