48 ರೂಪಾಯಿ ಉಳಿತಾಯ

ನಿಮ್ಮ ಮನೆಯಲ್ಲಿ ಎಷ್ಟು ಫೋನುಗಳಿವೆ? ಅವುಗಳ ರೀಚಾರ್ಜಿಗೆ ಒಟ್ಟು ಎಷ್ಟು ಖರ್ಚಾಗುತ್ತದೆ ಎಂದು ಎಂದಾದರೂ ಕೂಡಿಸಿ ನೋಡಿದ್ದೀರಾ? ನಾನು ಒಮ್ಮೆ ಕೂಡಿಸಿ ನೋಡಿದೆ. ಆ ಲೆಕ್ಕದಲ್ಲಿ ನನ್ನಿಂದಾದ ಒಂದು ತಪ್ಪನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಈ ನಾಲ್ಕು ಮಾತು.

ನನ್ನ ತವರು ಕೊಳ್ಳೇಗಾಲ. ಕೊಟ್ಟ ಮನೆ ತಮಿಳುನಾಡಿನ ಚಿನ್ನಾಳಪಟ್ಟಿ. ದಿಂಡಿಗಲ್‌ನಿಂದ ಮಧುರೈಗೆ ಹೋಗುವ ದಾರಿಯಲ್ಲಿ, ಗಾಂಧಿಗ್ರಾಮದ ಪಕ್ಕದಲ್ಲಿರುವ ನೇಕಾರರ ಊರು. ಸುಂಗುಡಿ ಸೀರೆಗೆ ಹೆಸರಾದದ್ದು. ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದ ದೇವಾಂಗ ಕುಟುಂಬಗಳು ಇಲ್ಲಿವೆ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಓದು ಬರಹವೆಲ್ಲ ತಮಿಳಿನಲ್ಲೇ. ಈಗಿನ ಮಕ್ಕಳಂತೂ ಮನೆಯೊಳಗೂ ತಮಿಳಿಗೇ ತಿರುಗಿಬಿಟ್ಟಿದ್ದಾರೆ. ನನ್ನ ಅತ್ತೆಗೆ ಎಪ್ಪತ್ತೆಂಟು ವರ್ಷ. ಅವರು ಮನಸಾರೆ ಕನ್ನಡದಲ್ಲಿ ಮಾತಾಡುವುದು ಇಬ್ಬರ ಜೊತೆ ಮಾತ್ರ. ಒಬ್ಬಳು ನಾನು, ಇನ್ನೊಬ್ಬರು ತೇಣಿ ಜಿಲ್ಲೆಯ ಆಂಡಿಪಟ್ಟಿಯಲ್ಲಿರುವ ಅವರ ತಂಗಿ.

ಇಂಟರ್ನೆಟ್ ಎಂಬುದನ್ನು ನಾನು ಮೊದಲು ನೋಡಿದ್ದು ಮೈಸೂರಿನ ಅಣ್ಣನ ಮನೆಯಲ್ಲಿ. 2005ರಲ್ಲಿ ಬಿಎಸ್‌ಎನ್‌ಎಲ್ ಸಂಸ್ಥೆ ‘ಡೇಟಾಒನ್’ ಎಂಬ ಬ್ರಾಡ್‌ಬ್ಯಾಂಡ್ ಸೇವೆ ಆರಂಭಿಸಿತು. ಆ ದಿನಗಳಲ್ಲಿ ಅದರ ಸಣ್ಣ ಪ್ಲಾನಿಗೆ ತಿಂಗಳಿಗೆ 250 ರೂಪಾಯಿ. ಅಷ್ಟಕ್ಕೆ ಸಿಗುತ್ತಿದ್ದದ್ದು 400 ಎಂಬಿ! ಇಂದು ಮಕ್ಕಳು ಒಂದು ಸಿನಿಮಾ ನೋಡಲೂ ಅದು ಸಾಲದು. ಕೆಲವು ಪ್ಲಾನುಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಬಳಕೆಗೆ ಮಿತಿ ಇರಲಿಲ್ಲ. ಅದಕ್ಕಾಗಿ ಅಣ್ಣ ಅಲಾರಂ ಇಟ್ಟು ಏಳುತ್ತಿದ್ದ. ಅತ್ತಿಗೆ ಬಯ್ಯುತ್ತಿದ್ದರು.

ಆಮೇಲೆ ಕಾಲ ಬದಲಾಯಿತು. ಮೊಬೈಲಿನಲ್ಲೇ ಇಂಟರ್ನೆಟ್ ಬಂತು. 2016ರ ಸೆಪ್ಟೆಂಬರ್ 5ರಂದು ಜಿಯೋ ಆರಂಭವಾಗಿ ಕೆಲವು ತಿಂಗಳು ಎಲ್ಲವನ್ನೂ ಉಚಿತವಾಗಿ ಕೊಟ್ಟಿತು. ಅದಕ್ಕೆ ಮೊದಲು ಒಂದು ಜಿಬಿಗೆ ಸುಮಾರು 250 ರೂಪಾಯಿ ಇತ್ತು. ಪೈಪೋಟಿಯಲ್ಲಿ ಎಲ್ಲ ಕಂಪನಿಗಳೂ ದರ ಇಳಿಸಿದವು. ತಂತಿ ಎಳೆಸಿಕೊಳ್ಳುವ ಗೋಜು ಯಾರಿಗೆ ಬೇಕು ಎಂದು ನಮ್ಮಂಥವರು ಮನೆ ಇಂಟರ್ನೆಟ್ಟಿನ ಯೋಚನೆಯನ್ನೇ ಮಾಡಲಿಲ್ಲ.

ಅದರ ಕೊರತೆ ತಿಳಿದದ್ದು ಕೊರೊನಾ ಕಾಲದಲ್ಲಿ. ಮಗಳ ಕಾಲೇಜು ಪಾಠವೆಲ್ಲ ಫೋನಿನಲ್ಲಿ. ಮಧ್ಯಾಹ್ನಕ್ಕೇ ಅವಳ ಡೇಟಾ ಮುಗಿದರೆ ನನ್ನ ಫೋನು, ಅದೂ ಮುಗಿದರೆ ಅವಳಪ್ಪನ ಫೋನು. 2021ರ ಜನವರಿಯಿಂದ ಏಪ್ರಿಲ್‌ವರೆಗೆ ತಮಿಳುನಾಡು ಸರ್ಕಾರ ಸುಮಾರು 9 ಲಕ್ಷ 69 ಸಾವಿರ ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 2 ಜಿಬಿಯ ಉಚಿತ ಡೇಟಾ ಕಾರ್ಡ್ ಘೋಷಿಸಿತು. ಅದು ಕೈಗೆ ಬಂದ ದಿನ ಮನೆಯಲ್ಲಿ ಹಬ್ಬ! ಆದರೆ ಏಪ್ರಿಲ್ ಮುಗಿದ ಮೇಲೆ ಖರ್ಚು ಮತ್ತೆ ನಮ್ಮ ತಲೆಯ ಮೇಲೆ.

2024ರ ಜುಲೈನಲ್ಲಿ ಖಾಸಗಿ ಮೊಬೈಲ್ ಕಂಪನಿಗಳು ಹೆಚ್ಚುಕಡಿಮೆ ಒಟ್ಟಿಗೇ ದರ ಏರಿಸಿದವು. ಸುಮಾರು 10ರಿಂದ 25 ಶೇಕಡಾ ಏರಿಕೆ. ಮಗಳು ಆಗ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ನಮ್ಮವರು ಸೀರೆಯ ಫೋಟೋಗಳನ್ನು ಅಂಗಡಿಯವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಕು. ಒಂದು ರಾತ್ರಿ ಊಟವಾದ ಮೇಲೆ ನಾನು ಕಾಗದ ಪೆನ್ನು ಹಿಡಿದು ಕೂತೆ.

ನಮ್ಮ ಮೂವರ ಫೋನಿಗೆ ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್, ತಲಾ 299 ರೂಪಾಯಿ. ಅತ್ತೆಯ ಬಟನ್ ಫೋನಿಗೆ ಅತಿ ಕಡಿಮೆಯ ಪ್ಯಾಕ್, 189. ಒಟ್ಟು 1,086 ರೂಪಾಯಿ. ಅದೂ ತಿಂಗಳಿಗಲ್ಲ, 28 ದಿನಕ್ಕೆ! 28 ದಿನದ ಲೆಕ್ಕದಲ್ಲಿ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜು. (30 ದಿನದ ಪ್ಯಾಕ್ ಒಂದನ್ನಾದರೂ ಇಡಲೇಬೇಕೆಂದು ಟ್ರಾಯ್ 2022ರ ಜನವರಿಯಲ್ಲಿ ಆದೇಶಿಸಿದೆ. ಕೇಳಿ ಪಡೆಯುವವರು ಕಡಿಮೆ.)

ಮನೆಗೆ ಫೈಬರ್ ಹಾಕಿಸಿದರೆ? ಜಾಹೀರಾತಿನಲ್ಲಿ 399 ರೂಪಾಯಿ. ಅದರ ಮೇಲೆ 18 ಶೇಕಡಾ ಜಿಎಸ್‌ಟಿ ಸೇರಿ 471. ಮೊಬೈಲ್ ಪ್ಯಾಕಿನ ದರದಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಇಲ್ಲಿ ಹಾಗಲ್ಲ, ನೆನಪಿಡಿ. ವೈಫೈ ಬಂದರೂ ಕರೆಗಾಗಿ, ಹೊರಗೆ ಹೋದಾಗಿನ ಬಳಕೆಗಾಗಿ ಫೋನಿಗೆ ಸಣ್ಣ ಪ್ಯಾಕ್ ಬೇಕೇ ಬೇಕು. ನಾಲ್ಕು ಫೋನಿಗೆ 189ರಂತೆ 756. ಫೈಬರ್ ಸೇರಿ 1,227. ಅಂದರೆ ಮೊದಲಿಗಿಂತ 141 ರೂಪಾಯಿ ಜಾಸ್ತಿಯೇ ಆಯಿತು!

ಆಗ ನನ್ನ ಪೆನ್ನು ಅತ್ತೆಯ ಹೆಸರಿನ ಮುಂದೆ ನಿಂತಿತು. ಅವರಿಗೆ ಇಂಟರ್ನೆಟ್ ಬೇಡ. ಮನೆ ಬಿಟ್ಟು ಎಲ್ಲೂ ಹೋಗುವುದಿಲ್ಲ. ಬೇಕೆಂದರೆ ನನ್ನ ಫೋನಿದೆಯಲ್ಲ? ಆ 189 ಹೊಡೆದುಹಾಕಿದೆ. ಮೊತ್ತ 1,038ಕ್ಕೆ ಇಳಿಯಿತು. ಮೊದಲಿಗಿಂತ 48 ರೂಪಾಯಿ ಉಳಿತಾಯ. ಬುದ್ಧಿವಂತೆ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಅತ್ತೆಗೆ ಹೇಳಬೇಕೆಂದೂ ಅನಿಸಲಿಲ್ಲ.

ಆಗಸ್ಟ್‌ನಲ್ಲಿ ವೈಫೈ ಬಂತು. ಮನೆಯ ಇಂಟರ್ನೆಟ್ಟಿನ ಸುಖ ನಿಜಕ್ಕೂ ಬೇರೆ. ಮೊಬೈಲಿನ ಡೇಟಾ ಒಬ್ಬೊಬ್ಬರಿಗೆ ಅಳೆದು ಕೊಟ್ಟ ಬಿಂದಿಗೆ ನೀರಿನ ಹಾಗೆ. ಉಳಿದದ್ದು ನಡುರಾತ್ರಿಗೆ ಚೆಲ್ಲಿಹೋಗುತ್ತದೆ. ಇದಾದರೋ ಮನೆಯ ಬಾವಿ. ಯಾರು ಬೇಕಾದರೂ ಸೇದಿಕೊಳ್ಳಬಹುದು. ಕರೆಂಟ್ ಹೋದಾಗ ನಿಲ್ಲುತ್ತದೆ ಎಂಬುದೊಂದೇ ಕೊರತೆ. ಮಗಳ ಪಾಠ ಸಲೀಸಾಯಿತು.

ಸೆಪ್ಟೆಂಬರ್ ಕಳೆಯಿತು. ಒಂದು ದಿನ ಅತ್ತೆ, “ಯಾಕಮ್ಮಾ, ನನ್ನ ತಂಗಿಗೆ ನನ್ನ ಮೇಲೆ ಏನೋ ಕೋಪ. ಭಾನುವಾರ ಅವಳೂ ಮಾಡಲ್ಲ, ನಾನು ಒತ್ತಿದರೆ ಯಾವುದೋ ಹುಡುಗಿ ಏನೋ ಹೇಳ್ತಾಳೆ” ಎಂದರು. ನಾನು ಒಲೆಯ ಮುಂದಿದ್ದೆ. “ಹಾಗೇನಿರಲ್ಲ ಬಿಡಿ ಅತ್ತೆ” ಎಂದೆ. ಆಗಲೂ ನನಗೆ ಹೊಳೆಯಲಿಲ್ಲ.

ದೀಪಾವಳಿಗೆ ಒಂದು ವಾರ ಇರುವಾಗ ಆಂಡಿಪಟ್ಟಿಯಿಂದ ಆ ತಂಗಿಯ ಮಗ ಬಸ್ ಹತ್ತಿ ಬಂದ. ಹೊಸ್ತಿಲಲ್ಲೇ, “ದೊಡ್ಡಮ್ಮಾ, ಹುಷಾರಾಗಿದ್ದೀರಾ? ಎಷ್ಟು ಸಲ ಮಾಡಿದರೂ ಫೋನು ಹೋಗಲ್ಲ. ಅಮ್ಮನಿಗೆ ಜ್ವರ ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಅಕ್ಕ ಒಂದು ಮಾತು ಕೇಳಲಿಲ್ಲ ಅಂತ ಅಳ್ತಾಳೆ” ಎಂದ.

ಅತ್ತೆ ಒಳಗೆ ಹೋಗಿ ತಲೆದಿಂಬಿನ ಪಕ್ಕದಿಂದ ಫೋನು ತಂದು ಅವನ ಕೈಗಿತ್ತರು. “ದಿನಾ ರಾತ್ರಿ ಚಾರ್ಜ್ ಹಾಕ್ತೀನಿ ಕಣಪ್ಪ, ನೋಡು” ಎಂದರು. ಬ್ಯಾಟರಿ ತುಂಬಿತ್ತು. ಪ್ಯಾಕಿನ ಅವಧಿ ಮುಗಿದರೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಕೆಲವು ದಿನ ಕಳೆದರೆ ಒಳಬರುವ ಕರೆಯೂ ನಿಲ್ಲುತ್ತದೆ ಎಂಬುದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಎಲ್ಲರ ಮುಂದೆ ಒಪ್ಪಿಕೊಂಡೆ. ಅತ್ತೆ ಬಯ್ಯಲಿಲ್ಲ. “ದುಡ್ಡಿಲ್ಲ ಅಂತ ಹೇಳಿದ್ದರೆ ನಾನೇ ಕೊಡ್ತಿದ್ದೆನಲ್ಲಮ್ಮಾ” ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಅಂದೇ ರೀಚಾರ್ಜ್ ಮಾಡಿಸಿದೆ. ಅಕ್ಕತಂಗಿಯರು ಮುಕ್ಕಾಲು ಗಂಟೆ ಮಾತಾಡಿದರು. ಮೊದಲರ್ಧ ಜಗಳ, ಉಳಿದದ್ದು ನಗು. ನಾನು ಕೊಳ್ಳೇಗಾಲದಲ್ಲಿ ಎಂದೂ ಕೇಳದ ಎಷ್ಟೋ ಹಳೆಯ ಕನ್ನಡದ ಮಾತುಗಳು ಆ ಸಣ್ಣ ಫೋನಿನೊಳಗಿದ್ದವು.

ಒಂದು ಸಮಾಧಾನದ ಸಂಗತಿ: ಅತ್ತೆಯಂಥವರಿಗಾಗಿ ಡೇಟಾ ಇಲ್ಲದ, ಕರೆ ಮತ್ತು ಎಸ್ಎಂಎಸ್ ಮಾತ್ರ ಇರುವ ಪ್ಯಾಕನ್ನು ಕೊಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ಮಾಡಿತು. 2025ರ ಜನವರಿಯಲ್ಲಿ 84 ದಿನದ ಅಂಥ ಪ್ಯಾಕುಗಳು 500 ರೂಪಾಯಿಯೊಳಗೆ ಬಂದವು. 189ರ ಪ್ಯಾಕನ್ನು ಮೂರು ಸಲ ಹಾಕಿಸಿದರೆ 567 ಆಗುತ್ತಿತ್ತು. ನಿಮ್ಮ ಮನೆಯಲ್ಲೂ ಬಟನ್ ಫೋನಿನ ಹಿರಿಯರಿದ್ದರೆ ಅಂಗಡಿಯಲ್ಲಿ ಕೇಳಿ ನೋಡಿ. ತಾವಾಗಿ ಹೇಳುವವರು ಕಡಿಮೆ.

ಮೊಬೈಲ್ ಡೇಟಾ ಅಗ್ಗವೋ ಮನೆ ಇಂಟರ್ನೆಟ್ ಅಗ್ಗವೋ ಎಂದು ಯಾರಾದರೂ ಕೇಳಿದರೆ ನಾನು ಈಗ ಹೇಳುವುದು ಇಷ್ಟೇ. ಒಬ್ಬರೋ ಇಬ್ಬರೋ ಇರುವ ಮನೆಗೆ ಮೊಬೈಲ್ ಸಾಕು. ಓದುವ ಮಕ್ಕಳಿರುವ ಮನೆಗೆ ಫೈಬರ್ ಒಳ್ಳೆಯದು. ಆದರೆ ಕಾಗದ ಪೆನ್ನು ಹಿಡಿಯುವಾಗ ಮನೆಯವರೆಲ್ಲರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಇಂಟರ್ನೆಟ್ ಗೊತ್ತಿಲ್ಲದವರನ್ನೂ. ನಮ್ಮ ಮನೆಯಲ್ಲಿ ಈಗ ಅತ್ತೆಯ ರೀಚಾರ್ಜೇ ಮೊದಲು. ಉಳಿದ ಲೆಕ್ಕ ಆಮೇಲೆ.