ಜೋಡುದೋಣಿಯ ಕಡಾಣಿಗಳು

ಇಂಗ್ಲೆಂಡಿನ ಪೂರ್ವತೀರದ ಎಸೆಕ್ಸ್ ಸೀಮೆಯಲ್ಲಿ, ಕೋನ್ ನದಿಯು ಸಮುದ್ರವನ್ನು ಕೂಡುವೆಡೆಯಲ್ಲಿ, ಬ್ರೈಟ್ಲಿಂಗ್‌ಸೀ ಎಂಬ ಸಣ್ಣ ಊರೊಂದುಂಟು. ಹಿಂದೆ ಅಲ್ಲಿಗೆ ರೈಲು ಹೋಗುತ್ತಿದ್ದಿತು. 1964ರಲ್ಲಿ ಅದು ನಿಂತುಹೋದುದರಿಂದ ಈಗ ಬಸ್ಸೇ ಗತಿ. ಮಗನ ಮನೆಯು ಹತ್ತಿರದ ಕಾಲ್ಚೆಸ್ಟರ್ ಪಟ್ಟಣದಲ್ಲಿರುವ ಕಾರಣ ಕಳೆದ ವಸಂತದಲ್ಲಿ ನಾನು ಈ ಊರಿಗೆ ನಾಲ್ಕಾರು ಸಲ ಹೋಗಿಬಂದೆನು. ಆಳವಿಲ್ಲದ ಕಾಲುವೆ, ಅದರ ಬಾಯಲ್ಲಿ 1883ರಲ್ಲಿ ಕಟ್ಟಿದ ಬೇಟ್‌ಮನ್ ಗೋಪುರ, ಸಿಂಪಿಯ ಚಿಪ್ಪುಗಳು, ಕೆಸರಿನ ವಾಸನೆ. ನೋಡತಕ್ಕುದು ಇಷ್ಟೇ ಎಂದು ತಿಳಿದು ಪ್ರವಾಸಿಗರು ಮಧ್ಯಾಹ್ನದೊಳಗೆ ಹಿಂದಿರುಗುವರು. ಹಾಯಿದೋಣಿಯ ವಿದ್ಯೆಯುಳ್ಳವರಿಗಾದರೋ ಇದೊಂದು ಕ್ಷೇತ್ರವೇ ಸರಿ. ಟಾರ್ನೇಡೋ ಎಂಬ ವೇಗದ ಜೋಡುದೋಣಿಯನ್ನು ರಾಡ್ನಿ ಮಾರ್ಚ್ ಎಂಬವರು 1967ರಲ್ಲಿ ರೂಪಿಸಿದುದು ಇಲ್ಲಿ. ಅದೇ ಜಾತಿಯ ದೋಣಿಯಲ್ಲಿ 1976ರ ಒಲಿಂಪಿಕ್ ಪಂದ್ಯದ ಚಿನ್ನದ ಪದಕವನ್ನು ಜಾನ್ ಆಸ್ಬರ್ನರೊಡನೆ ಗೆದ್ದ ರೆಜ್ ವೈಟರು ಈ ಊರಿನ ದೋಣಿಗಾರರು.

ಜೋಡುದೋಣಿಗೆ ಇಂಗ್ಲಿಷರು ಇಟ್ಟಿರುವ ಹೆಸರು ಕ್ಯಾಟಮರಾನ್. ಕನ್ನಡಿಗನ ಕಿವಿಗೆ ಈ ಪದವು ತಾನಾಗಿ ಬಿಡಿಸಿಕೊಳ್ಳುವುದು: ಕಟ್ಟು, ಮರ. ಇದು ತಮಿಳರ ಕಟ್ಟುಮರಮ್. ಚೋಳಮಂಡಲ ತೀರದಲ್ಲಿ ಬೆಸ್ತರು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಏರುವ ತೆಪ್ಪವನ್ನು ವಿಲಿಯಂ ಡ್ಯಾಂಪಿಯರನು 1697ರ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿರುವನು. ಆದರೆ ಆ ತೆಪ್ಪಕ್ಕೆ ಎರಡು ಒಡಲುಗಳಿಲ್ಲ. ಎರಡು ಒಡಲುಗಳನ್ನು ಅಡ್ಡತೊಲೆಯಿಂದ ಕೂಡಿಸುವ ಕ್ರಮವು ಶಾಂತಸಾಗರದ ದ್ವೀಪವಾಸಿಗಳದು. ಅಂತೂ ನಾಮವು ನಮ್ಮ ನೆರೆಯದು, ರೂಪವು ಅವರದು.

ನಾನು ನೋಡಿದ ದೋಣಿಯು ಇರೋಕ್ವಾ ಎಂಬ ಜಾತಿಯದು. ಮ್ಯಾಕಲ್ಪೈನ್-ಡೌನಿ ಎಂಬವರು ನಕ್ಷೆ ಬರೆದು, ಇದೇ ಊರಿನಲ್ಲಿ ಕಟ್ಟಿದುದು. ಉದ್ದ 30 ಅಡಿ, ಅಗಲ ಹದಿಮೂರೂವರೆ ಅಡಿ. ಪ್ರಾಯವು ಐವತ್ತಕ್ಕೆ ಮಿಕ್ಕಿತು. ಗಾಜುನಾರಿನ ಒಡಲು ಗಟ್ಟಿಯಾಗಿಯೇ ಇತ್ತು. ಸವೆದಿದ್ದುವು ಕೈಮುಷ್ಟಿಯಲ್ಲಿ ಅಡಗುವ ಕೀಲು, ಕೊಂಡಿ, ರಾಟೆಗಳು. ಅದರ ಒಡೆಯನು ಇವುಗಳನ್ನು ಬದಲಿಸುವ ಕಾರ್ಯದಲ್ಲಿದ್ದನು. ನಾನು ದಡದ ಹಲಗೆಯ ಮೇಲೆ ಕುಳಿತು ನೋಡುವವನು, ಆಗಾಗ ಡಬ್ಬಿಯನ್ನು ಕೈಗೆ ಕೊಡುವವನು.

ಆ ಕೆಲಸಕ್ಕೆ ಗಡಿಯಾರವೆಂದರೆ ಸಮುದ್ರವೇ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಒಂಟಿಯೊಡಲಿನ ದೋಣಿಯು ನೀರಿಳಿದಾಗ ಪಕ್ಕಕ್ಕೆ ಮಲಗುವುದು. ಜೋಡುದೋಣಿಯಾದರೆ ಎರಡು ಕಾಲನ್ನೂರಿ ಕೆಸರಿನ ಮೇಲೆ ನೆಟ್ಟಗೆ ಕುಳಿತುಕೊಳ್ಳುವುದು. ಮೂರು ನಾಲ್ಕು ಗಂಟೆ ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟು ಅದರ ಸುತ್ತ ತಿರುಗಾಡಬಹುದು. ಕೈಜಾರಿದ ತಿರುಪು ಮಾತ್ರ ಕೆಸರಿನಲ್ಲಿ ಹೋದರೆ ಹೋಯಿತೇ.

ಇಷ್ಟು ಸಣ್ಣ ವಸ್ತುಗಳಿಗೆ ಇಷ್ಟು ಆರೈಕೆ ಏಕೆಂದು ಕೇಳಿದೆನು. ಅವನು ಅಂಗೈಯನ್ನು ಓರೆಮಾಡಿ ತೋರಿಸಿದನು. ಬಿರುಸಾದ ಗಾಳಿಗೆ ಒಂಟಿದೋಣಿಯು ಬಾಗುವುದು. ಬಾಗಿದಾಗ ಹಾಯಿಯ ಮೇಲಿನ ಗಾಳಿಯು ಜಾರಿಹೋಗುವುದು. ಅಗಲವಾದ ಜೋಡುದೋಣಿಯು ಬಾಗಲೊಲ್ಲದು. ಬಾಗದೆ ನಿಂತುದರ ಭಾರವೆಲ್ಲ ಕೂವೆಕಂಬವನ್ನು ಹಿಡಿದ ತಂತಿಹಗ್ಗಗಳ ಮೇಲೆ ಬೀಳುವುದು. ತಂತಿಯ ಬುಡದಲ್ಲಿ ಬೆರಳುದಪ್ಪಕ್ಕೂ ಕಡಮೆಯಾದ ಒಂದು ಕೀಲು. ಆ ಕೀಲು ಜಾರದಂತೆ ಅದರ ತುದಿಯ ರಂಧ್ರದಲ್ಲಿ ಸ್ಪ್ಲಿಟ್ ಪಿನ್ ಎಂಬ ಸೀಳುಗಡ್ಡಿ. ನಮ್ಮ ಬಂಡಿಯ ಅಚ್ಚಿಗೆ ಕಡಾಣಿಯಿದ್ದಂತೆ! ಅಮರಕೋಶದಲ್ಲಿ ಅಚ್ಚಿನ ತುದಿಯ ಕೀಲಿಗೆ ಅಣಿಯೆಂದು ಪ್ರತ್ಯೇಕ ಹೆಸರನ್ನೇ ಕೊಟ್ಟಿದೆ. ದಶರಥನ ರಥದ ಕಡಾಣಿಯು ಕಳಚಲು ಕೈಕೇಯಿಯು ತನ್ನ ಬೆರಳನ್ನಿಟ್ಟು ಯುದ್ಧವನ್ನು ಗೆಲ್ಲಿಸಿದ ಕಥೆಯನ್ನು ನಮ್ಮ ಹೆಂಗಸರೆಲ್ಲರೂ ಬಲ್ಲರು. ಕಡಲ ನಡುವೆ ಬೆರಳನ್ನಿಡಲು ಎಡೆಯಿಲ್ಲ. ಗಡ್ಡಿ ಹೋದರೆ ಕೀಲು ಜಾರುವುದು, ತಂತಿ ಕಳಚುವುದು, ಕಂಬವು ಬೀಳುವುದು.

ಆದುದರಿಂದ ಅವನು ಒಮ್ಮೆ ಬಿಚ್ಚಿದ ಸೀಳುಗಡ್ಡಿಯನ್ನು ಮತ್ತೆ ಹಾಕುವುದಿಲ್ಲ. ಬಗ್ಗಿಸಿ ನೆಟ್ಟಗೆ ಮಾಡಿದ ತಂತಿಯು ಒಳಗೆ ಬಿರಿದಿರುತ್ತದೆ. ಹೊಸದನ್ನು ತೂರಿಸಿ, ಎರಡು ಕಾಲುಗಳನ್ನು ಸ್ವಲ್ಪವೇ ಅಗಲಿಸುವನು. ಪೂರ್ತಿ ಮಡಚಿದರೆ ಆಪತ್ತಿನಲ್ಲಿ ಬೇಗ ತೆಗೆಯಲಾಗದು.

ಲೋಹಗಳ ಗುಣದೋಷವನ್ನು ನಾನು ಅಲ್ಲಿಯೇ ಕಲಿತೆನು. ಹಳದಿಯಾಗಿರಬೇಕಾದ ಹಿತ್ತಾಳೆಯ ತಿರುಪು ಕೆಂಪುಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರ ಸತುವನ್ನು ಉಪ್ಪುನೀರು ತಿಂದಿದೆಯೆಂದು ಅರ್ಥ. ಉಳಿದ ತಾಮ್ರವು ಹಳೆಯ ರೊಟ್ಟಿಯಂತೆ ಪುಡಿಯಾಗುವುದು. ತುಕ್ಕುಹಿಡಿಯದ ಉಕ್ಕೆಂಬ ಹೆಸರಿಗೂ ಮಿತಿಯುಂಟು. ಅದನ್ನು ಕಾಯುವ ತೆಳುಪೊರೆಗೆ ಗಾಳಿಯು ಬೇಕು. ಸಂದಿನಲ್ಲಿ ನಿಂತ ನೀರಿನಲ್ಲಿ ಗಾಳಿಯು ತೀರಿದರೆ ಅದೂ ಒಳಗೊಳಗೆ ಗುಳಿಬೀಳುವುದು. ಆದಕಾರಣ ಒಡೆಯನು ಪ್ರತಿ ತಂತಿಯ ತುದಿಯನ್ನೂ ಭೂತಗನ್ನಡಿಯಲ್ಲಿ ನೋಡುತ್ತಿದ್ದನು. ಅಲ್ಯೂಮಿನಿಯಮ್ ಕಂಬಕ್ಕೆ ಉಕ್ಕಿನ ಕೊಂಡಿ ತಾಗಿದಲ್ಲಿ ಬಿಳಿಯ ಪುಡಿ ಕಂಡರೆ ನಡುವೆ ನೈಲಾನಿನ ಬಿಲ್ಲೆಯನ್ನಿಡುವನು. ಭೋಜರಾಜನ ಹೆಸರಿನಲ್ಲಿರುವ ಯುಕ್ತಿಕಲ್ಪತರುವಿನಲ್ಲಿ ಸಮುದ್ರಯಾನದ ನೌಕೆಯನ್ನು ಕಬ್ಬಿಣದಿಂದ ಬಂಧಿಸಕೂಡದೆಂಬ ವಿಧಿಯಿದೆ. ಕಡಲೊಳಗಿನ ಅಯಸ್ಕಾಂತಶಿಲೆಯು ಸೆಳೆದೀತೆಂದು ಕಾರಣ. ಕಾರಣವನ್ನು ನಾನು ಒಪ್ಪೆನು, ವಿಧಿಯನ್ನು ನಗೆಯಾಡಲಾರೆನು.

ಇನ್ನೊಂದು ತೊಡಕು ಅಳತೆಯದು. ದೋಣಿಯು ಅಂಗುಲದ ಕಾಲದ್ದು, ಅಂಗಡಿಯು ಮಿಲಿಮೀಟರಿನ ಕಾಲದ್ದು. ಕಾಲಂಗುಲವೆಂದರೆ 6.35 ಮಿಲಿಮೀಟರು. ಆ ರಂಧ್ರಕ್ಕೆ 6ರ ಕೀಲು ಸುಲಭವಾಗಿ ಹೋಗುವುದು. ಹೋಗಿ, ಅಲುಗಾಡಿ, ಗುಂಡಾದ ರಂಧ್ರವನ್ನು ಮೊಟ್ಟೆಯಾಕಾರಕ್ಕೆ ತರುವುದು. ಹತ್ತಿರದ್ದು ಸಾಕೆನ್ನುವ ವ್ಯಾಪಾರಿಯ ಮಾತನ್ನು ಒಡೆಯನು ಕೇಳಲಿಲ್ಲ. ಹಳೆಯ ಸಾಮಾನಿನ ಗುಡಾರದಲ್ಲಿ ಎರಡು ಗಂಟೆ ಹುಡುಕಿ ಅಂಗುಲದ ಕೀಲುಗಳನ್ನೇ ತಂದನು.

ಒಂದು ದಿನ ಉಬ್ಬರದ ಹೊತ್ತಿನಲ್ಲಿ, ಕೆಲಸ ನಿಂತಿದ್ದಾಗ, ಊರಾಚೆಯ ದಿಣ್ಣೆಯ ಮೇಲಿನ ಆಲ್ ಸೇಂಟ್ಸ್ ದೇವಾಲಯಕ್ಕೆ ನಡೆದೆನು. ಒಳಗೋಡೆಯ ಸುತ್ತ ಚಿಕ್ಕ ಬಿಲ್ಲೆಗಳ ಸಾಲು. ಕಡಲಿನಲ್ಲಿ ಮಡಿದ ಊರಿನವರೊಬ್ಬೊಬ್ಬರಿಗೂ ಒಂದೊಂದು. ಪಾದ್ರಿ ಪರ್ಟ್ವೀ ಎಂಬವರ ಕಾಲದಲ್ಲಿ, 1872ರಿಂದ ತೊಡಗಿ, ಇನ್ನೂರಕ್ಕೆ ಮೇಲ್ಪಟ್ಟಿವೆ. ಬಿರುಗಾಳಿಯ ರಾತ್ರಿ ಅವರು ದೀಪ ಹಿಡಿದು ಗೋಪುರವನ್ನೇರುತ್ತಿದ್ದರೆಂದು ಹೇಳುವರು. ಒಂದೇ ಹಡಗಿನ ಹೆಸರು ಸಾಲಾಗಿ ಹಲವು ಬಿಲ್ಲೆಗಳ ಮೇಲೆ ಬರುವಲ್ಲಿ ನಾನು ಓದುವುದನ್ನು ನಿಲ್ಲಿಸಿದೆನು.

ಕಡೆಯ ಸಲ ಹೋದಾಗ ಚುಕ್ಕಾಣಿಯ ಸರದಿ. ಜೋಡುದೋಣಿಗೆ ಚುಕ್ಕಾಣಿಯೂ ಎರಡು. ಎರಡನ್ನೂ ಕೂಡಿಸುವ ಅಡ್ಡಸರಳಿನ ಗಂಟು ಸವೆದರೆ ಒಂದು ಉತ್ತರಕ್ಕೆ ಎಳೆದಾಗ ಮತ್ತೊಂದು ಈಶಾನ್ಯಕ್ಕೆ ನೋಡುವುದು. ಎಡಗಡೆಯ ಗಂಟಿಗೆ ಹೊಸ ಕೀಲು ಕೂತಿತು. ಬಲಗಡೆಯದಕ್ಕೆ ಕೈಯಿಡುವಷ್ಟರಲ್ಲಿ ನೀರು ಬೂಟಿನ ಹಿಮ್ಮಡಿಯನ್ನು ಮುಟ್ಟಿತು. ಅವನು ಹಳೆಯ ಕೀಲುಗಳನ್ನು ಒಂದು ಗಾಜಿನ ಸೀಸೆಗೆ ಹಾಕಿ, ಮೇಲೆ ವರ್ಷವನ್ನು ಬರೆದು, ಬಲಗಡೆಯ ಗಂಟಿಗೆ ಹಗ್ಗ ಬಿಗಿದು, ನಾಳಿನ ಇಳಿತವು ಎಷ್ಟು ಗಂಟೆಗೆಂದು ಪಂಚಾಂಗವನ್ನು ನೋಡತೊಡಗಿದನು.