ಕಂಠೀರವದ ಆ ಒಂದು ಮೀಟರ್

ಕಂಠೀರವ ಸ್ಟೇಡಿಯಂ ಅಂದ ಕೂಡ್ಲೇ ಒಬ್ಬೊಬ್ಬರಿಗೆ ಒಂದೊಂದು ನೆನಪಾಗುತ್ತೆ. ನಮ್ಮಪ್ಪನಿಗೆ 2006ರ ಏಪ್ರಿಲ್, ಅಣ್ಣಾವ್ರ ಅಂತಿಮ ದರ್ಶನ. ನನ್ನ ವಾರಿಗೆಯವರಿಗೆ 2021ರ ಅಕ್ಟೋಬರ್, ಅಪ್ಪು. ಆಫೀಸಿನ ಗೆಳೆಯರಿಗೆ ಬಿಎಫ್‌ಸಿ ಮ್ಯಾಚು, ನೀಲಿ ಜೆರ್ಸಿ, ಗಂಟಲು ಕಟ್ಟುವಷ್ಟು ಕೂಗಾಟ. ನನ್ನ ಚಿಕ್ಕಮ್ಮನ ಮಗಳಿಗೆ ಮಾತ್ರ ಅದು ನೀರಜ್ ಚೋಪ್ರಾ 2025ರ ಜುಲೈ 5ರಂದು 86.18 ಮೀಟರ್ ಜಾವೆಲಿನ್ ಎಸೆದು ಗೆದ್ದ ಜಾಗ.

ಆ ಜಾಗಕ್ಕೇ ಬಾಯಿ ಬಂದಿದ್ರೆ ಏನು ಹೇಳ್ತಿತ್ತೋ! ಬಹುಶಃ ನೀರಿನ ಮಾತಾಡ್ತಿತ್ತು. ಯಾಕಂದ್ರೆ ಈಗ ಸ್ಟೇಡಿಯಂ ಇರೋದು ಒಂದು ಕಾಲದ ಸಂಪಂಗಿ ಕೆರೆಯ ಅಂಗಳದಲ್ಲಿ. ಸುತ್ತಲಿನ ತೋಟಗಳಿಗೆ, ತಿಗಳರ ತರಕಾರಿ ಮಡಿಗಳಿಗೆ ನೀರು ಕೊಡ್ತಿದ್ದ ಕೆರೆ ಅದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು ನೋಡಿ, ಊರಿಗೆ ಕೆರೆಯ ಹಂಗು ತಪ್ಪಿತು. ಹಂಗು ತಪ್ಪಿದ ಮೇಲೆ ಕೆರೆಯನ್ನು ಕೇಳೋರ್ಯಾರು? ಇಪ್ಪತ್ತನೇ ಶತಮಾನದಲ್ಲಿ ಬತ್ತಿ ಆಟದ ಬಯಲಾಯ್ತು, ಬಯಲು ಕ್ರೀಡಾಂಗಣವಾಯ್ತು. ಉಳಿದದ್ದು ಪಕ್ಕದ ಸಂಪಂಗಿರಾಮನಗರದ ಹೆಸರು, ಮೂಲೆಯಲ್ಲೊಂದು ಪುಟ್ಟ ಕೊಳ. ಚೈತ್ರದಲ್ಲಿ ಕರಗದವರು ಹಸಿ ಕರಗಕ್ಕೆ ಇವತ್ತಿಗೂ ಅಲ್ಲಿಗೇ ಬರ್ತಾರೆ. ಊರು ಮರೆತ ಕೆರೆಯ ವಿಳಾಸ ಅವರು ಮರೆತಿಲ್ಲ.

ಮುಂದಿನ ದೊಡ್ಡ ಬದಲಾವಣೆ 1997ರಲ್ಲಿ. ಬೆಂಗಳೂರಿಗೆ ರಾಷ್ಟ್ರೀಯ ಕ್ರೀಡಾಕೂಟ ಬಂತು, ಅದಕ್ಕಾಗಿ ಸ್ಟೇಡಿಯಂ ಹೊಸದಾಗಿ ಎದ್ದು ನಿಂತಿತು. ಸುಮಾರು 25 ಸಾವಿರ ಜನ ಕೂರುವ ಗ್ಯಾಲರಿ, ಸಿಂಥೆಟಿಕ್ ಟ್ರ್ಯಾಕ್, ನಡುವೆ ಹುಲ್ಲು. ಕಟ್ಟಿದ್ದು ಮುಖ್ಯವಾಗಿ ಅಥ್ಲೀಟುಗಳನ್ನು ಮನಸ್ಸಲ್ಲಿಟ್ಟುಕೊಂಡು. 2014ರಲ್ಲಿ ಬೆಂಗಳೂರು ಎಫ್‌ಸಿ ಇಲ್ಲಿಗೆ ಬಂತು. 2016ರ ಅಕ್ಟೋಬರ್ 19ರಂದು ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯ್ತು. 2023ರ ಜುಲೈನಲ್ಲಿ ಭಾರತ ಇದೇ ಹುಲ್ಲಿನ ಮೇಲೆ ಕುವೈತ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಸ್ಯಾಫ್ ಕಪ್ ಎತ್ತಿತು. ಖುಷಿಯೇ. ನಾನೂ ಫುಟ್‌ಬಾಲ್ ಹುಚ್ಚನೇ ಸ್ವಾಮಿ!

ಆದ್ರೆ ಇಂಜಿನಿಯರಿಂಗ್ ಓದಿದ ತಪ್ಪಿಗೆ ಗ್ಯಾಲರಿಯಲ್ಲಿ ಕೂತ್ರೂ ಲೆಕ್ಕ ಬಿಡಲ್ಲ :-) ಪ್ರಮಾಣಿತ 400 ಮೀಟರ್ ಟ್ರ್ಯಾಕ್ ತಗೊಳ್ಳಿ. ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5. ಅಂದ್ರೆ ಒಳಗಿನ ಅಗಲ 73 ಮೀಟರ್. ಫುಟ್‌ಬಾಲ್ ಅಂಕಣ 105ಕ್ಕೆ 68. ಅಗಲದಲ್ಲಿ ಆಚೆ ಈಚೆ ಎರಡೂವರೆ ಮೀಟರ್ ಉಳಿಯುತ್ತೆ, ಸರಿ. ಉದ್ದದಲ್ಲಿ ಮಾತ್ರ ಅಂಕಣ ಎರಡೂ ಕಡೆ ಹತ್ತು ಮೀಟರಿನಷ್ಟು ತಿರುವಿನೊಳಗೆ ನುಗ್ಗುತ್ತೆ. ಪೈಥಾಗೊರಸ್ ಹಾಕಿ ನೋಡಿ, ಮೂಲೆ ಬಾವುಟದ ಪಕ್ಕ ಟ್ರ್ಯಾಕಿಗೆ ಉಳಿಯೋದು ಬರೀ ಒಂದು ಮೀಟರ್! ಕಾರ್ನರ್ ಕಿಕ್ ಹೊಡೆಯೋನು ನಾಲ್ಕು ಹೆಜ್ಜೆ ಹಿಂದೆ ಹೋದ್ರೆ ಓಟಗಾರನ ಲೇನಿನಲ್ಲಿರ್ತಾನೆ. ಇತ್ತ ಗೋಲಿನ ಹಿಂದೆ ಕೂತ ಪ್ರೇಕ್ಷಕ, ಎಂಟು ಲೇನ್ ಟ್ರ್ಯಾಕೂ ಸೇರಿದ್ರೆ, ಗೋಲಿನಿಂದ ಕನಿಷ್ಠ 36 ಮೀಟರ್ ದೂರ. ಇಬ್ಬರಿಗೂ ಪೂರ್ತಿ ಸುಖ ಇಲ್ಲ.

ಓಟಗಾರರಾದ್ರೂ ಹೇಗೋ ಹೊಂದ್ಕೋಬಹುದು. ಎಸೆಯುವವರ ಗತಿ? ಜಾವೆಲಿನ್, ಡಿಸ್ಕಸ್, 7.26 ಕೆಜಿಯ ಹ್ಯಾಮರ್, ಎಲ್ಲಾ ಬಂದು ಬೀಳೋದು ನಡುವಿನ ಹುಲ್ಲಿನ ಮೇಲೇ. ಒಂದೊಂದು ಎಸೆತಕ್ಕೂ ಒಂದು ಗುಂಡಿ. ಗುಂಡಿಯಲ್ಲಿ ಫುಟ್‌ಬಾಲ್ ಆಟಗಾರ ಕಾಲಿಟ್ರೆ ಮೊಣಕಾಲು ಹೋಯ್ತು. ಇಬ್ಬರ ಮಾತೂ ನಿಜ, ಅದೇ ಕಷ್ಟ.

ಮೊದಲು ಹೇಳಿದ್ನಲ್ಲ, ಚಿಕ್ಕಮ್ಮನ ಮಗಳು. ಅವಳು ಡಿಸ್ಕಸ್ ಎಸೀತಿದ್ಲು. ಬೆಂಗಳೂರಲ್ಲಲ್ಲ, ಒಂದು ಜಿಲ್ಲಾ ಕೇಂದ್ರದಲ್ಲಿ. ಊರಿನ ಹೆಸರು ಬೇಡ ಬಿಡಿ. ಅಲ್ಲಿನ ಕ್ರೀಡಾಂಗಣವನ್ನು "ಅಭಿವೃದ್ಧಿ" ಮಾಡಿದ್ರು. ಹೊಸ ಹುಲ್ಲು, ಹೊಸ ಲೈಟು, ಹೊಸ ಗೇಟು, ಗೇಟಿಗೆ ಬೀಗ. ಟೂರ್ನಮೆಂಟ್ ಇದೆ, ಎಸೆತದವರು ಸದ್ಯಕ್ಕೆ ಬರಬೇಡಿ ಅಂದ್ರಂತೆ. ಆ "ಸದ್ಯ" ಎರಡು ವರ್ಷ ಎಳೀತು. ಕಾಲೇಜಿನ ಹಿಂದಿನ ಮುಳ್ಳುಗಂಟಿ ಬಯಲಲ್ಲಿ ಒಬ್ಬಳೇ ಎಸೆದು, ಒಬ್ಬಳೇ ಹುಡುಕಿ ತಂದು, ಮತ್ತೆ ಎಸೆದಳು. ಸಂಜೆ ಕತ್ತಲಾದ್ಮೇಲೆ ಹುಡುಗಿ ಒಬ್ಬಳೇ ಅಲ್ಲಿರೋದು ಬೇಡ ಅಂತ ಚಿಕ್ಕಪ್ಪ ನಿಲ್ಲಿಸಿದ್ರು. ಈಗ ಬ್ಯಾಂಕ್ ಪರೀಕ್ಷೆಗೆ ಓದ್ತಿದಾಳೆ. ಯಾಕೆ ಬಿಟ್ಟೆ ಅಂತ ಕೇಳಿದ್ದಕ್ಕೆ ನಗ್ತಾ ಹೇಳಿದ್ಲು, "ಹುಲ್ಲಿಗೆ ನೋವಾಗುತ್ತಂತೆ ಅಣ್ಣಾ."

ಆ ಮಾತು ಕೇಳಿದ ಮೇಲೆ ಸ್ಟೇಡಿಯಂ ನವೀಕರಣದ ಸುದ್ದಿ ಓದೋ ರೀತಿನೇ ಬದಲಾಯ್ತು ನಂಗೆ. ಎಷ್ಟು ಕೋಟಿ, ಎಷ್ಟು ಸೀಟು ಅಂತ ಬರೀತಾರೆ. ಕೆಲಸ ನಡೆಯುವಾಗ ಈಗ ಅಭ್ಯಾಸ ಮಾಡ್ತಿರೋರು ಎಲ್ಲಿಗೆ ಹೋಗ್ಬೇಕು, ಮುಗಿದ ಮೇಲೆ ಬೆಳಗ್ಗೆ ಆರಕ್ಕೆ ಗೇಟು ಯಾರಿಗೆ ತೆರೆಯುತ್ತೆ ಅನ್ನೋದನ್ನ ಬರೆಯಲ್ಲ. ಲಂಡನ್ನಿನಲ್ಲಿ 2012ರ ಒಲಿಂಪಿಕ್ಸ್ ಸ್ಟೇಡಿಯಮ್ಮನ್ನು ಎರಡೂ ಆಟಕ್ಕೆ ಹೊಂದಿಸೋಕೆ ಟ್ರ್ಯಾಕಿನ ಮೇಲೆ ಸರಿಯುವ ಸೀಟು ಹಾಕಿದ್ರು. ಆ ಸೀಟು ಸರಿಸೋದಕ್ಕೇ ಕೋಟಿಗಟ್ಟಲೆ ಖರ್ಚು. ನಮಗೆ ಅಷ್ಟೆಲ್ಲ ಬೇಡ. ಪ್ರತಿ ಜಿಲ್ಲೆಯಲ್ಲಿ ಎಸೆತದವರಿಗೆ ಅಂತಲೇ ಒಂದು ಬಯಲು, ಒಂದು ಬಲೆ, ಒಂದು ಲೈಟು ಸಾಕು. ಗ್ಯಾಲರಿ ಬೇಡ, ಅವರನ್ನ ನೋಡೋಕೆ ಹೇಗಿದ್ರೂ ಯಾರೂ ಬರಲ್ಲ.

ನೀರಜ್ ಎಸೆದ ದಿನ ಕಂಠೀರವ ಕಿಕ್ಕಿರಿದಿತ್ತು. ಅಲ್ಲಿ ಕೂಗಿದ ಮಕ್ಕಳಲ್ಲಿ ಕೆಲವರಾದ್ರೂ ಮರುದಿನ ಒಂದು ಕೋಲು ಹಿಡಿದು ಬಯಲಿಗೆ ಹೋಗಿರ್ತಾರೆ. ಅವರಿಗೆ ಬಯಲು ಸಿಕ್ತಾ?

ನಿಮ್ಮೂರಿನ ಸ್ಟೇಡಿಯಂ ಕಥೆ ಏನು? ಗೇಟು ತೆಗೆದಿರುತ್ತಾ? ಗೊತ್ತಿದ್ರೆ ಕೆಳಗೆ ಬರೀರಿ.